ಟೆಂಡರ್ ಅಂದ್ರೆ ಯಾವ ಟೆಂಡರ್? ಎಳನೀರಿಂದ ಶೇರು ಮಾರ್ಕೆಟ್‌ವರೆಗೂ ಒಂದೇ ಪದನ ಗೊಂದಲ ಇಲ್ದೆ ಓದೋದು ಹೇಗೆ

ಟೆಂಡರ್ ಅನ್ನೋದು ಇಂಗ್ಲಿಷ್ ಪದ ಅಂತ ಈಗ ಯಾರಿಗೂ ಅನ್ಸಲ್ಲ. ಹಳ್ಳಿ ಕಟ್ಟೆ ಮೇಲೆ ಕೂತೋರೂ "ರಸ್ತೆ ಟೆಂಡರ್ ಆಗಿದ್ಯಂತೆ, ಕೆಲ್ಸ ಮಾತ್ರ ಶುರು ಆಗಿಲ್ಲ" ಅಂತಾನೇ ಮಾತಾಡೋದು. ತೊಂದ್ರೆ ಇರೋದು ಅಲ್ಲೇ, ಯಾಕಂದ್ರೆ ಕನ್ನಡದೊಳಗೆ ಬಂದು ಸೇರ್ಕೊಂಡಿರೋದು ಆ ಪದದ ಒಂದೇ ಒಂದು ಅರ್ಥ, ಇಂಗ್ಲಿಷಲ್ಲಿ ಓದೋಕೆ ಕೂತ್ರೆ ಸ್ಕ್ಯಾನಿಂಗ್ ರಿಪೋರ್ಟಲ್ಲಿ ಟೆಂಡರ್ನೆಸ್ ಅಂತ ಇರತ್ತೆ, ಎಳನೀರು ಬಾಟ್ಲಿ ಮೇಲೆ ಟೆಂಡರ್ ಕೋಕೋನಟ್ ಅಂತ ಇರತ್ತೆ, ಬೆಂಕಿ ಬಿದ್ದ ಸುದ್ದೀಲಿ ನಾಲ್ಕು ಫೈರ್ ಟೆಂಡರ್ ಬಂದ್ವು ಅಂತಾರೆ, ಡಿಮ್ಯಾಟ್ ಆಪು "ಟೆಂಡರ್ ಯುವರ್ ಶೇರ್ಸ್" ಅನ್ನತ್ತೆ. ಗುತ್ತಿಗೆ ಅನ್ನೋ ಅರ್ಥ ತಲೇಲಿಟ್ಕೊಂಡು ಇದನ್ನೆಲ್ಲ ಓದಿದ್ರೆ ತಲೆಬುಡ ಅರ್ಥ ಆಗಲ್ಲ.

ಮೊದಲು ಒಂದು ವಿಷ್ಯ ತಿಳ್ಕೊಳಿ, ಇದು ಒಂದೇ ಪದ ಹತ್ತು ಅರ್ಥಕ್ಕೆ ಎಳೆದಾಡಿದ್ದಲ್ಲ, ಒಂದೇ ಥರ ಕಾಣೋ ಮೂರು ಬೇರೆ ಬೇರೆ ಪದಗಳು. ಒಂದೇ ಊರಲ್ಲಿ ಮೂರು ಜನ ಮಂಜುನಾಥ ಇದ್ರೆ ನಾವು "ಯಾರ ಮನೆ ಮಂಜ" ಅಂತ ಕೇಳ್ತೀವಲ್ಲ, ಇಲ್ಲೂ ಅದೇ ಕೇಳ್ಬೇಕು. ಮೊದಲ್ನೇದು ಎಳೆ, ಮೆದು, ಸೂಕ್ಷ್ಮ ಅನ್ನೋ ಟೆಂಡರ್, ಇದು ಲ್ಯಾಟಿನ್ನಿನ ಟೆನೆರ್ ಅನ್ನೋ ಪದದಿಂದ ಫ್ರೆಂಚ್ ಮೂಲಕ ಬಂದಿದ್ದು. ಎರಡ್ನೇದು ಮುಂದೆ ಚಾಚು, ಕೊಡು, ಸಲ್ಲಿಸು ಅನ್ನೋ ಟೆಂಡರ್, ಇದರ ಮೂಲ ಟೆಂಡೆರೆ, ಅಂದ್ರೆ ಚಾಚೋದು. ಮೂರ್ನೇದು ನೋಡ್ಕೊಳೋನು, ಜೊತೆಗಿದ್ದು ಸೇವೆ ಮಾಡೋದು ಅನ್ನೋ ಟೆಂಡರ್, ಇದು ಅಟೆಂಡ್ ಅನ್ನೋದ್ರಲ್ಲಿ ತಲೆ ಹಾರಿಹೋಗಿ ಉಳ್ಕೊಂಡ ಟೆಂಡ್‌ನಿಂದ ಹುಟ್ಟಿದ್ದು. ಎರಡು ಮತ್ತು ಮೂರಕ್ಕೆ ಬಹಳ ಹಿಂದೆ ಲ್ಯಾಟಿನ್ನಲ್ಲಿ ಒಂದು ದೂರದ ನೆಂಟಸ್ತಿಕೆ ಇದೆ, ಆದ್ರೆ ಮೊದಲ್ನೇದು ಲ್ಯಾಟಿನ್ನಲ್ಲೇ ಬೇರೆ ಪದದಿಂದ ಬಂದಿದ್ದು.

ಯಾವ ಮನೇದು ಅಂತ ಕಂಡುಹಿಡಿಯೋಕೆ ಡಿಕ್ಷನರಿ ತೆಗೆಯೋ ಮುಂಚೆ ಅಕ್ಕಪಕ್ಕದ ಪದ ನೋಡಿ. ಟೆಂಡರ್ ಆದ್ಮೇಲೆ ತಿನ್ನೋ ವಸ್ತು, ಮೈಯ ಭಾಗ, ವಯಸ್ಸು, ಮನಸ್ಸು ಇಂಥದ್ದು ಬಂದ್ರೆ ಮೊದಲ್ನೇದು. ಟೆಂಡರ್ ಕ್ರಿಯಾಪದ ಆಗಿದ್ದು ಅದಾದ್ಮೇಲೆ ರಾಜೀನಾಮೆ, ಕ್ಷಮೆ, ಹಣ, ಶೇರು, ಸಾಕ್ಷಿ ಬಂದ್ರೆ ಎರಡ್ನೇದು, ಇನ್ವೈಟ್, ಫ್ಲೋಟ್, ಸಬ್ಮಿಟ್, ಅವಾರ್ಡ್ ಅನ್ನೋ ಪದಗಳ ಪಕ್ಕ ನಾಮಪದವಾಗಿ ಬಂದ್ರೂ ಎರಡ್ನೇದೇ. ಟೆಂಡರ್‌ಗಿಂತ ಮುಂಚೆ ಬಾರ್, ಫೈರ್, ವಾಟರ್, ಶಿಪ್ ಥರ ಒಂದು ನಾಮಪದ ಅಂಟ್ಕೊಂಡಿದ್ರೆ ಹೆಚ್ಚಾಗಿ ಮೂರ್ನೇದು. ನೂರಕ್ಕೆ ತೊಂಬತ್ತು ಸಲ ಇಷ್ಟರಲ್ಲೇ ಬಗೆಹರಿಯತ್ತೆ.

ಎಳೆ ಅನ್ನೋ ಟೆಂಡರ್‌ನಿಂದ ಶುರು ಮಾಡಣ. ಟೆಂಡರ್ ಕೋಕೋನಟ್ ಎಲ್ರಿಗೂ ಗೊತ್ತು, ಮದ್ದೂರು ಕಡೆಯಿಂದ ಲಾರಿಗಟ್ಲೆ ಹೋಗೋದು ಇದೇ. ಆದ್ರೆ ಈ ಜೋಡಿಪದ ಹೆಚ್ಚಾಗಿ ನಮ್ಮ ಇಂಡಿಯಾ ಕಡೆ ಇಂಗ್ಲಿಷು, ಅಮೆರಿಕದಲ್ಲಿ ಇಂಡಿಯನ್ ಸ್ಟೋರ್ ಬಿಟ್ಟು ಬೇರೆ ಅಂಗಡೀಲಿ ಟೆಂಡರ್ ಕೋಕೋನಟ್ ಕೊಡಿ ಅಂದ್ರೆ ಮುಖ ನೋಡ್ತಾರೆ, ಅಲ್ಲಿ ಯಂಗ್ ಕೋಕೋನಟ್ ಅಂತ ಕೇಳ್ಬೇಕು. ಮಿಡಿಮಾವಿಗೆ ಟೆಂಡರ್ ಮ್ಯಾಂಗೋ, ಉಪ್ಪಿನಕಾಯಿ ಡಬ್ಬ ಮೇಲೆ ಹಾಗೇ ಇರತ್ತೆ. ಮಂಗಳೂರು ಕಡೆ ಗುಜ್ಜೆ ಅಂತಾರಲ್ಲ ಎಳೆ ಹಲಸಿನಕಾಯಿ, ಅದು ಟೆಂಡರ್ ಜಾಕ್‌ಫ್ರೂಟ್. ಹಾಗಂತ ಎಳೆ ಅಂದ ಕಡೆಯೆಲ್ಲ ಟೆಂಡರ್ ಹಾಕ್ಬೇಡಿ, ಎಳೆಬಿಸಿಲು ಟೆಂಡರ್ ಸನ್ ಆಗಲ್ಲ, ಅದು ಮಾರ್ನಿಂಗ್ ಸನ್ ಅಷ್ಟೇ. ಎಳೆಗೂಸಿಗೆ ಇನ್‌ಫ್ಯಾಂಟ್ ಅಂತ ಬೇರೆ ಪದಾನೇ ಇದೆ.

ಅಡುಗೆ ವಿಡಿಯೋ ನೋಡೋರಿಗೆ ಒಂದು ಸೂಕ್ಷ್ಮ. ಸಾಫ್ಟ್ ಮತ್ತು ಟೆಂಡರ್ ಎರಡೂ ಮೆತ್ತಗೆ ಅಂತಾನೇ ಆದ್ರೂ ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಇಡ್ಲಿ ಸಾಫ್ಟ್, ಬ್ರೆಡ್ ಸಾಫ್ಟ್, ಟೆಂಡರ್ ಇಡ್ಲಿ ಅಂತ ಯಾರೂ ಅನ್ನಲ್ಲ. ಅಗಿಯೋದು ಇರೋ ವಸ್ತು, ಅಂದ್ರೆ ಮಟನ್ನು, ಬೀನ್ಸು, ಬೆಂಡೆಕಾಯಿ, ಇವು ನಾರಿಲ್ದೆ ಹಲ್ಲಿಗೆ ಸುಲಭವಾಗಿ ಸಿಕ್ರೆ ಅದು ಟೆಂಡರ್. "ಕುಕ್ ಅಂಟಿಲ್ ಟೆಂಡರ್" ಅಂದ್ರೆ ಚೆನ್ನಾಗಿ ಬೇಯೋವರೆಗೆ ಅಂತ, ಕರಗಿ ಮುದ್ದೆ ಆಗೋವರೆಗೆ ಅಲ್ಲ. ಮಟನ್ನಿಗೆ ಹಸಿ ಪರಂಗಿಕಾಯಿ ಅರೆದು ಹಚ್ತಾರಲ್ಲ, ಅದರಲ್ಲಿರೋ ಪಪೈನ್ ಅನ್ನೋ ಎಂಜೈಮು ಮಾಂಸದ ಪ್ರೋಟೀನ್ ಒಡೆದು ಮೆತ್ತಗೆ ಮಾಡತ್ತೆ, ಅದಕ್ಕೆ ಟೆಂಡರೈಸ್ ಮಾಡೋದು ಅಂತಾರೆ. ಟೆಂಡರ್‌ಲಾಯಿನ್ ಅಂದ್ರೆ ಬೆನ್ನುಮೂಳೆ ಪಕ್ಕದಲ್ಲಿ ಹೆಚ್ಚು ಕೆಲಸ ಮಾಡದೆ ಇರೋ ಸ್ನಾಯು, ಕೆಲಸ ಇಲ್ದಿದ್ದಕ್ಕೇ ಅದು ಮೆತ್ತಗಿರೋದು. ಚಿಕನ್ ಟೆಂಡರ್ಸ್ ಅಂತ ಮೆನುಲಿ ಇದ್ರೆ ಅದು ಎದೆಮಾಂಸದ ಕೆಳಗಿರೋ ಉದ್ದನೆ ತುಂಡು.

ಇನ್ನು ಆಸ್ಪತ್ರೆ. ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಜನ ಸುಮ್ಸುಮ್ನೆ ಗಾಬರಿ ಆಗೋದು ಇಲ್ಲೇ. ಡಾಕ್ಟ್ರ ಭಾಷೇಲಿ ಪೇಯ್ನ್ ಬೇರೆ, ಟೆಂಡರ್ನೆಸ್ ಬೇರೆ. ಪೇಯ್ನ್ ಅಂದ್ರೆ ನೀವು ಹೇಳೋ ನೋವು, "ಸಾರ್ ಇಲ್ಲಿ ನೋಯ್ತಿದೆ" ಅಂತೀರಲ್ಲ ಅದು. ಟೆಂಡರ್ನೆಸ್ ಅಂದ್ರೆ ಡಾಕ್ಟ್ರು ಕೈಯಿಟ್ಟು ಒತ್ತಿದಾಗ ಆಗೋ ನೋವು. ಸುಮ್ನೆ ಮಲಗಿದ್ರೆ ಏನೂ ಇಲ್ಲ, ಒತ್ತಿದ್ರೆ ಮಾತ್ರ ಅಯ್ಯೋ ಅಂತೀರಾ, ಆಗ ಪೇಯ್ನ್ ಇಲ್ಲ ಟೆಂಡರ್ನೆಸ್ ಇದೆ ಅಂತ ಬರ್ಕೊತಾರೆ. ಡಿಸ್ಚಾರ್ಜ್ ಸಮ್ಮರೀಲಿ "ಅಬ್ಡೊಮೆನ್ ಸಾಫ್ಟ್, ನಾನ್ ಟೆಂಡರ್" ಅಂತ ಇದ್ರೆ ಹೊಟ್ಟೆ ಮೆತ್ತಗಿದೆ, ಒತ್ತಿದ್ರೆ ನೋವಿಲ್ಲ ಅಂತ, ಪರೀಕ್ಷೆ ಮಾಡಿದವರು ಬರೆದಿರೋ ಸಮಾಧಾನದ ಸಾಲು ಅದು. ಸಾಫ್ಟ್ ಮತ್ತು ಟೆಂಡರ್ ಅಡುಗೆಮನೇಲಿ ಹೆಚ್ಚುಕಡಿಮೆ ಒಂದೇ ಪಂಗಡ, ಇಲ್ಲಿ ನೋಡಿ ಸಾಫ್ಟ್ ಇರ್ಬೇಕು ಟೆಂಡರ್ ಇರಬಾರ್ದು. ಸ್ಕ್ಯಾನಿಂಗ್ ರಿಪೋರ್ಟಲ್ಲಿ "ಪ್ರೋಬ್ ಟೆಂಡರ್ನೆಸ್" ಅಂತ ಬಂದ್ರೆ ಸ್ಕ್ಯಾನ್ ಮಾಡೋ ಉಪಕರಣ ಒತ್ತಿದ ಜಾಗದಲ್ಲಿ ನೋವಾಯ್ತು ಅಂತ ಅರ್ಥ. ರಿಬೌಂಡ್ ಟೆಂಡರ್ನೆಸ್ ಅನ್ನೋದು ಇನ್ನೂ ವಿಚಿತ್ರ, ಒತ್ತಿದಾಗಿಂತ ಕೈ ತಟ್ಟನೆ ತೆಗೆದಾಗ ಜಾಸ್ತಿ ನೋವು. ಅಪೆಂಡಿಸೈಟಿಸ್ ಅನುಮಾನ ಇದ್ರೆ ಹೊಟ್ಟೆಯ ಬಲಗಡೆ ಕೆಳಗೆ ಒಂದು ನಿರ್ದಿಷ್ಟ ಜಾಗ ಒತ್ತಿ ನೋಡ್ತಾರಲ್ಲ, ಅದಕ್ಕೆ ಮ್ಯಾಕ್‌ಬರ್ನಿ ಪಾಯಿಂಟ್ ಅಂತ ಹೆಸರು, ಅಮೆರಿಕದ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ಅದರ ಬಗ್ಗೆ ಬರೆದಿದ್ರು. ಈ ಸಾಲುಗಳು ಕಾಯಿಲೆ ಹೆಸರಲ್ಲ, ಬರೀ ಲಕ್ಷಣ, ಮುಂದಿನದು ಡಾಕ್ಟ್ರನ್ನೇ ಕೇಳಿ. ವಿದೇಶದಲ್ಲಿರೋರು ಇಷ್ಟು ನೆನಪಿಡಿ, ಡಾಕ್ಟ್ರು "ಇಸ್ ಇಟ್ ಟೆಂಡರ್ ಹಿಯರ್?" ಅಂತ ಕೇಳಿದ್ರೆ ಮುಟ್ಟಿದ್ರೆ ನೋವಾಗತ್ತಾ ಅಂತ ಕೇಳ್ತಿದಾರೆ, ಚರ್ಮ ಮೆತ್ತಗಿದ್ಯಾ ಅಂತಲ್ಲ.

ಮನಸ್ಸಿನ ವಿಷ್ಯಕ್ಕೆ ಟೆಂಡರ್ ಹಾಕೋದಾದ್ರೆ ಟೆಂಡರ್ ಹಾರ್ಟೆಡ್ ಅನ್ನಿ, ಬರೀ "ಹೀ ಈಸ್ ಎ ಟೆಂಡರ್ ಮ್ಯಾನ್" ಅಂದ್ರೆ ಕೇಳೋಕೆ ಒಂಥರಾ ಇರತ್ತೆ, ಜೆಂಟಲ್ ಅಂದ್ಬಿಡಿ ಸಾಕು. ಕೋರ್ಟ್ ತೀರ್ಪುಗಳಲ್ಲಿ ಟೆಂಡರ್ ಏಜ್ ಅಂತ ಬರತ್ತೆ, ಎಳೆ ವಯಸ್ಸು ಅಂತಾನೇ, ಮಗುವಿನ ಕಸ್ಟಡಿ ಕೇಸುಗಳಲ್ಲಿ ಜಾಸ್ತಿ. ಹಿಂದೂ ಅಪ್ರಾಪ್ತರ ಮತ್ತು ಪಾಲಕತ್ವದ 1956ರ ಕಾಯ್ದೆ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ರ ಇರ್ಬೇಕು ಅಂತ ಇದ್ಯಲ್ಲ, ವಾದ ಮಾಡೋವಾಗ ಈ ಪದ ಅಲ್ಲಿ ಬಂದೇ ಬರತ್ತೆ.

ಈಗ ನಮ್ಮ ಪರಿಚಯದ ಟೆಂಡರ್, ಎರಡ್ನೇ ಮನೇದು. ಇದರ ಬುಡದಲ್ಲಿರೋ ಚಿತ್ರ ಕೈ ಚಾಚಿ ಮುಂದೆ ಹಿಡಿಯೋದು, "ತಗೊಳಿ" ಅನ್ನೋ ಥರ. ಇದನ್ನ ಮನಸ್ಸಲ್ಲಿಟ್ಕೊಂಡ್ರೆ ಉಳಿದಿದ್ದೆಲ್ಲ ತಾನಾಗೇ ಬಿಚ್ಕೊಳತ್ತೆ. ಕಾಂಟ್ರಾಕ್ಟರ್ "ಇಷ್ಟು ದುಡ್ಡಿಗೆ ನಾನು ಮಾಡಿಕೊಡ್ತೀನಿ" ಅಂತ ಮುಂದೆ ಚಾಚೋ ಆಫರೇ ನಿಜವಾದ ಟೆಂಡರ್. ಇಲಾಖೆ ಪೇಪರಲ್ಲಿ ಹಾಕೋದು ಟೆಂಡರ್ ಅಲ್ಲ, ಟೆಂಡರ್ ಕೊಡಿ ಅನ್ನೋ ಆಹ್ವಾನ. ನೋಡಿದ್ರೆ "ಟೆಂಡರ್ ಕರೆದಿದ್ದಾರೆ" ಅನ್ನೋ ನಮ್ಮ ಮಾತು ಸರಿಯಾಗೇ ಇದೆ, ಕರೀತಿರೋದು ಬೇರೆಯವರ ಟೆಂಡರನ್ನ. ಇಂಗ್ಲಿಷಲ್ಲಿ ಬರೆಯೋವಾಗ ಕಚೇರಿ ಕಡೆಯಿಂದ ಆದ್ರೆ ಇನ್ವೈಟ್ ಟೆಂಡರ್ಸ್, ಕಾಂಟ್ರಾಕ್ಟರ್ ಕಡೆಯಿಂದ ಆದ್ರೆ ಸಬ್ಮಿಟ್ ಎ ಟೆಂಡರ್, ಕೊನೇಗೆ ಕೆಲಸ ಸಿಕ್ಕಿದ್ದಕ್ಕೆ ಅವಾರ್ಡ್ ದ ಕಾಂಟ್ರಾಕ್ಟ್ ಅಂತ ಬರೀರಿ. "ಹೀ ಗಾಟ್ ದ ಟೆಂಡರ್" ಅಂತ ನಮ್ಮಲ್ಲಿ ಎಲ್ರೂ ಅಂತಾರೆ, ಅರ್ಥಾನೂ ಆಗತ್ತೆ, ಆದ್ರೆ ಅವನಿಗೆ ಸಿಕ್ಕಿದ್ದು ಕಾಂಟ್ರಾಕ್ಟು, ಟೆಂಡರ್ ಅವನೇ ಕೊಟ್ಟಿದ್ದು.

ಕರ್ನಾಟಕದಲ್ಲಿ ಇದಕ್ಕೆಲ್ಲ ದಾರಿ ಹಾಕಿರೋದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಆಫೀಸಲ್ಲಿ ಕೆಟಿಪಿಪಿ ಅಂತಾರೆ. ಪೇಪರಲ್ಲಿ ಆಗಾಗ "4(ಜಿ) ವಿನಾಯಿತಿ" ಅಂತ ಓದ್ತೀರಲ್ಲ, ಅದು ಈ ಕಾಯ್ದೆಯ ಸೆಕ್ಷನ್ನು, ಟೆಂಡರ್ ಕರೀದೆ ನೇರವಾಗಿ ಕೆಲಸ ಕೊಡೋಕೆ ಸರ್ಕಾರ ಕೊಡೋ ವಿನಾಯಿತಿ, ಅದರ ಸುತ್ತ ಗಲಾಟೆ ಯಾಕಾಗತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಇಎಂಡಿ ಅಂದ್ರೆ ಟೆಂಡರ್ ಜೊತೆ ಕಟ್ಟೋ ಠೇವಣಿ, ಎಲ್ ಒನ್ ಅಂದ್ರೆ ಎಲ್ರಿಗಿಂತ ಕಮ್ಮಿ ರೇಟ್ ಹಾಕಿದವರು.

ಆದ್ರೆ ಟೆಂಡರ್ ಅಂದ್ರೆ ಕಮ್ಮಿ ರೇಟಿನವ್ರೇ ಗೆಲ್ಲೋದು ಅಂತ ಅನ್ಕೊಂಡಿದ್ರೆ ಬ್ಯಾಡಗಿಗೆ ಹೋಗಿ ನೋಡಿ. ಅಲ್ಲಿ ಎಪಿಎಂಸೀಲಿ ರೈತರು ಮೆಣಸಿನಕಾಯಿ ತಂದು ಲಾಟ್ ಹಾಕ್ತಾರೆ, ವರ್ತಕರು ಬಂದು ಹಿಡಿ ಮೆಣಸಿನಕಾಯಿ ಎತ್ತಿ, ಬಣ್ಣ ಸುಕ್ಕು ತೇವ ನೋಡಿ, ಒಂದೊಂದು ಲಾಟಿಗೂ ರೇಟು ಹಾಕ್ತಾರೆ, ಅದಕ್ಕೂ ಇ-ಟೆಂಡರ್ ಅಂತಾನೇ ಹೆಸರು, ಗೆಲ್ಲೋದು ಮಾತ್ರ ಜಾಸ್ತಿ ರೇಟು ಹಾಕಿದವ್ರು. ತಿಪಟೂರಲ್ಲಿ ಕೊಬ್ಬರಿಗೂ ಹಂಗೇ, ಶಿರಸಿ ಕಡೆ ಅಡಿಕೆಗೂ ಹಂಗೇ. ಮೇಲಿಂದ ಆದ್ರೂ ಕೆಳಗಿಂದ ಆದ್ರೂ ಟೆಂಡರ್ ಅಂದ್ರೆ ಚಾಚಿದ ರೇಟು ಅಷ್ಟೇ, ಕೊಳ್ಳೋರು ಚಾಚಿದ್ರೆ ಜಾಸ್ತಿ ನೋಡ್ತಾರೆ, ಮಾಡಿಕೊಡೋರು ಚಾಚಿದ್ರೆ ಕಮ್ಮಿ ನೋಡ್ತಾರೆ. ಹರಾಜಿಗೂ ಇದಕ್ಕೂ ವ್ಯತ್ಯಾಸ ಏನಂದ್ರೆ ಹರಾಜಲ್ಲಿ ಪಕ್ಕದವನು ಕೂಗಿದ್ದು ಕೇಳಿಸತ್ತೆ, ಟೆಂಡರಲ್ಲಿ ಮುಚ್ಚಿಟ್ಟ ರೇಟು. ದೇವಸ್ಥಾನದ ತೆಂಗಿನಕಾಯಿ ಅಂಗಡಿ, ವಾಹನ ನಿಲುಗಡೆ ಜಾಗ ಇವಕ್ಕೆ "ಟೆಂಡರ್ ಕಂ ಹರಾಜು" ಅಂತ ಹಾಕಿರ್ತಾರೆ, ಎರಡೂ ಸೇರಿಸಿ ನಡೆಸೋದು.

ದುಡ್ಡಿನ ವಿಷ್ಯದಲ್ಲಿ ಲೀಗಲ್ ಟೆಂಡರ್. ಸಾಲ ತೀರಿಸೋಕೆ ಮುಂದೆ ಚಾಚಿದ್ರೆ ಕಾನೂನು ಒಪ್ಪೋ ಹಣ ಅಂತ ಅರ್ಥ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ಹಳೇ ನೋಟಿಗೆ ಹೋಗಿದ್ದು ಈ ಮಾನ್ಯತೆನೇ. 2023ರ ಮೇ 19ಕ್ಕೆ ರಿಸರ್ವ್ ಬ್ಯಾಂಕು 2000ದ ನೋಟು ವಾಪಸ್ ತಗೊತೀವಿ ಅಂದಾಗ ಮಾತ್ರ ಲೀಗಲ್ ಟೆಂಡರ್ ಆಗಿ ಮುಂದುವರಿಯತ್ತೆ ಅಂತಾನೂ ಸೇರಿಸಿ ಹೇಳಿತ್ತು, ಅವತ್ತು ಎಷ್ಟೋ ಜನ ಎರಡನ್ನೂ ಒಂದೇ ಅಂತ ತಿಳ್ಕೊಂಡು ಬಂಕಿಗೆ ಓಡಿದ್ರು. ಚಲಾವಣೆಯಿಂದ ಹಿಂದಕ್ಕೆ ತಗೊಳೋದು ಬೇರೆ, ಕಾನೂನು ಮಾನ್ಯತೆ ಕಿತ್ತುಹಾಕೋದು ಬೇರೆ. ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಅನ್ನೋ ಅಂಗಡಿಯವ್ರಿಗೂ ಇದೇ ಪದ ತೋರಿಸ್ಬೇಕು, 14 ಡಿಸೈನಲ್ಲಿ ಬಂದಿರೋ ಅಷ್ಟೂ ನಾಣ್ಯ ಲೀಗಲ್ ಟೆಂಡರ್ ಅಂತ ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದೆ. ಹಾಗಂತ ಮೂಟೆ ಚಿಲ್ಲರೆ ತಗೊಂಡೋಗಿ ಬೈಕ್ ಕೊಳ್ಳೋಕೆ ಕಾನೂನಿನ ಬಲ ಇಲ್ಲ, 2011ರ ನಾಣ್ಯ ಕಾಯ್ದೆ ಪ್ರಕಾರ ಒಂದು ರೂಪಾಯಿ ಮತ್ತು ಮೇಲ್ಪಟ್ಟ ನಾಣ್ಯಗಳು 1000 ರೂಪಾಯಿವರೆಗೆ ಮಾತ್ರ ಲೀಗಲ್ ಟೆಂಡರ್, ಎಂಟಾಣೆ ಆದ್ರೆ 10 ರೂಪಾಯಿವರೆಗೆ. ಶೋರೂಮಿನವರು ಎಣಿಸ್ಕೊಂಡು ಫೋಟೋ ತೆಗೆಸ್ಕೊಂಡ್ರೆ ಅದು ಅವರ ದೊಡ್ಡತನ.

ಶೇರು ಇಟ್ಕೊಂಡಿರೋರಿಗೆ ಟೆಂಡರ್ ಆಫರ್ ಅಂತ ಮೇಲ್ ಬರತ್ತೆ. ಕಂಪನಿ ತನ್ನ ಶೇರನ್ನ ತಾನೇ ಒಂದು ಗೊತ್ತಾದ ಬೆಲೆಗೆ ವಾಪಸ್ ಕೊಳ್ಳೋಕೆ ಹೊರಟಾಗ ನೀವು ನಿಮ್ಮ ಶೇರನ್ನ ಮುಂದೆ ಚಾಚ್ಬೇಕು, ಅದೇ ಟೆಂಡರ್ ಮಾಡೋದು. ಇನ್ಫೋಸಿಸ್ 2017ರಲ್ಲಿ ಮೊದಲ್ನೇ ಸಲ ಬೈಬ್ಯಾಕ್ ಮಾಡಿದ್ದು ಇದೇ ದಾರೀಲಿ, 1,150 ರೂಪಾಯಿ ಬೆಲೆಗೆ, ಒಟ್ಟು 13,000 ಕೋಟಿವರೆಗೆ. ಚಾಚಿದ್ದೆಲ್ಲ ತಗೊತಾರೆ ಅಂತೇನಿಲ್ಲ, ಜನ ಜಾಸ್ತಿ ಚಾಚಿದ್ರೆ ಒಂದು ಪಾಲು ಮಾತ್ರ ತಗೊಂಡು ಉಳಿದಿದ್ದು ವಾಪಸ್ ನಿಮ್ಮ ಡಿಮ್ಯಾಟಿಗೆ ಬರತ್ತೆ. ಬಟನ್ ಒತ್ತದೆ ಸುಮ್ನಿದ್ರೆ ನೀವು ಭಾಗವಹಿಸಿಲ್ಲ ಅಂತಾನೇ ಲೆಕ್ಕ.

ಕ್ರಿಯಾಪದವಾಗಿ ಬಳಸೋವಾಗ ಒಂದು ಎಚ್ಚರ, ಇದು ಪೇಟ ಸುತ್ಕೊಂಡಿರೋ ಪದ. ರಾಜೀನಾಮೆ, ಬೇಷರತ್ ಕ್ಷಮೆ, ಇಂಥ ಗಂಭೀರ ವಸ್ತುಗಳಿಗೆ ಮಾತ್ರ ಒಪ್ಪತ್ತೆ. "ಐ ಟೆಂಡರ್ ಮೈ ರೆಸಿಗ್ನೇಶನ್" ಸರಿ, "ಐ ಟೆಂಡರ್ ಮೈ ಲೀವ್ ಲೆಟರ್" ಅಂದ್ರೆ ಎಚ್‌ಆರ್ ನಗ್ತಾರೆ, ಅಲ್ಲಿ ಸಬ್ಮಿಟ್ ಹಾಕಿ. ನನ್ನ ಕೇಳಿದ್ರೆ ರಾಜೀನಾಮೆಗೂ ರಿಸೈನ್ ಅನ್ನೋ ಒಂದು ಪದ ಸಾಕು, ಆದ್ರೆ ನಮ್ಮ ಆಫೀಸುಗಳಲ್ಲಿ ಹೋಗೋವಾಗ್ಲಾದ್ರೂ ಗತ್ತಾಗಿ ಹೋಗೋಣ ಅನ್ನೋ ಆಸೆ. ಕ್ರಿಮಿನಲ್ ಕೇಸ್ ಸುದ್ದೀಲಿ "ಟೆಂಡರ್ ಆಫ್ ಪಾರ್ಡನ್" ಅಂತ ಕಂಡ್ರೆ ಕ್ಷಮೆಗೆ ಗುತ್ತಿಗೆ ಕರೆದಿಲ್ಲ, ಆರೋಪಿಗಳಲ್ಲಿ ಒಬ್ರು ಎಲ್ಲ ನಿಜ ಹೇಳ್ತೀನಿ ಅಂದಾಗ ಕೋರ್ಟು ಅವರ ಮುಂದೆ ಕ್ಷಮೆ ಚಾಚತ್ತೆ, ನಮ್ಮ ಪತ್ರಿಕೆಗಳು ಮಾಫಿ ಸಾಕ್ಷಿ ಅನ್ನೋದು ಇವರಿಗೇ. 1973ರ ದಂಡ ಪ್ರಕ್ರಿಯಾ ಸಂಹಿತೇಲಿ ಇದು 306ನೇ ಸೆಕ್ಷನ್ ಆಗಿತ್ತು.

ಮೂರ್ನೇ ಮನೆಯವ್ರು ಸಿಗೋದು ಕಮ್ಮಿ, ಸಿಕ್ಕಾಗ ಗೊತ್ತಾಗಲ್ಲ. ಬಾರ್ ನೋಡ್ಕೊಳೋರು ಬಾರ್‌ಟೆಂಡರ್. ಐಸ್ ಹಾಕಿಯಲ್ಲಿ ಗೋಲ್ ಕಾಯೋರು ಗೋಲ್‌ಟೆಂಡರ್, ಕೆನಡಾದಲ್ಲಿರೋ ನಮ್ಮೋರಿಗೆ ಇದು ಕಿವಿಗೆ ಬಿದ್ದೇ ಇರತ್ತೆ. ಹಳೇ ಸ್ಟೀಮ್ ಇಂಜಿನ್ನಿನ ಹಿಂದೆನೇ ಅಂಟ್ಕೊಂಡು ಕಲ್ಲಿದ್ದಲು ನೀರು ಹೊತ್ಕೊಂಡು ಓಡ್ತಿತ್ತಲ್ಲ ಒಂದು ಬಂಡಿ, ಅದರ ಹೆಸರೂ ಟೆಂಡರ್, ಮೀಟರ್ ಗೇಜಲ್ಲಿ ಓಡ್ತಿದ್ದ ವೈಪಿ ಇಂಜಿನ್ ನೆನಪಿರೋರಿಗೆ ಕಣ್ಮುಂದೆ ಬರತ್ತೆ. ಕಲ್ಲಿದ್ದಲು ನೀರು ಇಂಜಿನ್ ಮೈಮೇಲೇ ಇದ್ರೆ ಟ್ಯಾಂಕ್ ಇಂಜಿನ್, ಹಿಂದೆ ಬೇರೆ ಬಂಡೀಲಿದ್ರೆ ಟೆಂಡರ್ ಇಂಜಿನ್. ದೊಡ್ಡ ಕ್ರೂಸ್ ಹಡಗು ದಡದ ತನಕ ಬರೋಕೆ ಆಗ್ದಿದ್ರೆ ಜನರನ್ನ ಇಳಿಸ್ಕೊಂಡು ಬರೋ ಚಿಕ್ಕ ದೋಣೀನೂ ಟೆಂಡರ್. ಫೈರ್ ಟೆಂಡರ್, ವಾಟರ್ ಟೆಂಡರ್ ಅಂದ್ರೆ ಅಗ್ನಿಶಾಮಕ ದಳದ ಗಾಡಿ, ನಾವು ಬಾಯ್ಮಾತಲ್ಲಿ ಫೈರ್ ಇಂಜಿನ್ ಅಂತೀವಿ. ಟೆಂಡ್ ಅನ್ನೋ ಕ್ರಿಯಾಪದದಲ್ಲೂ ಇದೇ ಕವಲು, ಟೆಂಡ್ ದ ಗಾರ್ಡನ್ ಅಂದ್ರೆ ತೋಟ ನೋಡ್ಕೊಳೋದು, ಟೆಂಡ್ ಟು ಫರ್ಗೆಟ್ ಅಂದ್ರೆ ಮರೆಯೋ ಅಭ್ಯಾಸ. ಆಮೇಲೆ ಆ ಡೇಟಿಂಗ್ ಆಪಿನ ಟಿಂಡರ್ ಇದ್ಯಲ್ಲ, ಅದರ ಕಾಗುಣಿತಾನೇ ಬೇರೆ, ಬೆಂಕಿ ಹಚ್ಚೋಕೆ ಬಳಸೋ ಒಣ ಪುಡಿ ಪುಳ್ಳೆಗೆ ಆ ಹೆಸರು, ಇದರ ಜೊತೆ ಕಲಸ್ಬೇಡಿ.

ಟೆಂಡರರ್ ಅಂತ ಒಂದಿದೆ, ಅದು ಎರಡು ಮನೇಲೂ ಓಡಾಡತ್ತೆ. ಟೆಂಡರ್ ಡಾಕ್ಯುಮೆಂಟಲ್ಲಿ ಪುಟಪುಟಕ್ಕೂ ಬರೋ "ದ ಟೆಂಡರರ್ ಶಲ್" ಅಂದ್ರೆ ಟೆಂಡರ್ ಹಾಕಿದವರು, ಅಡುಗೆ ಪುಸ್ತಕದಲ್ಲಿ ಅದೇ ಪದ ಬಂದ್ರೆ ಇನ್ನೂ ಮೆತ್ತಗಿರೋದು. ಟೆಂಡರ್ನೆಸ್ ಮಾತ್ರ ಯಾವತ್ತೂ ಮೊದಲ್ನೇ ಮನೆ ಬಿಟ್ಟು ಹೊರಗೆ ಬರಲ್ಲ.

ಕಲ್ತಿದ್ದು ಕೂತಿದ್ಯಾ ನೋಡಕ್ಕೆ ಒಂದು ವಾಕ್ಯ ಕಟ್ಟಿಕೊಡ್ತೀನಿ, ನಿಧಾನಕ್ಕೆ ಬಿಡಿಸಿ: "ಟೆಂಡರ್ಸ್ ಆರ್ ಇನ್ವೈಟೆಡ್ ಫಾರ್ ಟು ವಾಟರ್ ಟೆಂಡರ್ಸ್ ಅಂಡ್ ಎ ಟೆಂಡರ್ ಕೋಕೋನಟ್ ಸ್ಟಾಲ್, ಟೆಂಡರರ್ಸ್ ಮಸ್ಟ್ ಟೆಂಡರ್ ದ ಡೆಪಾಸಿಟ್ ಬೈ ಮಂಡೇ." ಎರಡು ಅಗ್ನಿಶಾಮಕ ಗಾಡಿಗೂ ಒಂದು ಎಳನೀರು ಅಂಗಡಿಗೂ ಟೆಂಡರ್ ಕರೆದಿದ್ದಾರೆ, ಹಾಕೋರು ಸೋಮವಾರದೊಳಗೆ ಠೇವಣಿ ಕಟ್ಬೇಕು. ಗಾಡಿಗೆ ಕಮ್ಮಿ ರೇಟಿನವ್ರು ಗೆಲ್ತಾರೆ, ಅಂಗಡಿಗೆ ಜಾಸ್ತಿ ಬಾಡಿಗೆ ಕೊಡೋರು.